ಕಪ್ಪಾದ ಬಲ್ಬಿನ ಬೆನ್ನು ಹತ್ತಿದವರು

ಎಲ್‌ಇಡಿ ಬರುವುದಕ್ಕೆ ಮೊದಲು ನಮ್ಮ ಮನೆಗಳಲ್ಲಿ ಉರಿಯುತ್ತಿದ್ದವು ನಲವತ್ತು ಕ್ಯಾಂಡಲ್, ಅರವತ್ತು ಕ್ಯಾಂಡಲ್ ಬಲ್ಬುಗಳು. ತಿಂಗಳುಗಟ್ಟಲೆ ಉರಿದ ಮೇಲೆ ಗಾಜಿನ ಒಳಮೈಗೆ ಕಪ್ಪು ಕೂರುತ್ತಿತ್ತು, ಬೆಳಕು ಮಂಕಾಗುತ್ತಿತ್ತು. ಒಂದು ದಿನ ಸ್ವಿಚ್ ಹಾಕಿದೊಡನೆ ಫಕ್ಕನೆ ಹೊಳೆದು ಒಳಗಿನ ತಂತಿ ಕಡಿದುಹೋಗುತ್ತಿತ್ತು. ಬಲ್ಬು ಸುಟ್ಟುಹೋಯಿತು ಎಂದು ಹೊಸದನ್ನು ಹಾಕಿ ಮುಂದಿನ ಕೆಲಸ ನೋಡಿಕೊಳ್ಳುತ್ತಿದ್ದೆವು. ಆದರೆ ಒಳಗೆ ಸುಡುವುದಕ್ಕೆ ಆಮ್ಲಜನಕವೇ ಇಲ್ಲ. ಸುಡದೆ, ಹೊಗೆಯಾಡದೆ ಆ ಕಪ್ಪು ಎಲ್ಲಿಂದ ಬಂತು?

ನೂರು ವರ್ಷಗಳ ಹಿಂದೆ ಈ ಪ್ರಶ್ನೆ ಬಲ್ಬು ತಯಾರಿಸುವ ಕಂಪನಿಗಳಿಗೆ ಹಣದ ಪ್ರಶ್ನೆಯಾಗಿತ್ತು. ಅದನ್ನು ರಸಾಯನ ವಿಜ್ಞಾನದ ಪ್ರಶ್ನೆಯಾಗಿ ಕೈಗೆತ್ತಿಕೊಂಡವರು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಅವರು ಭೌತರಸಾಯನ ವಿಜ್ಞಾನಿ. ಯಾವ ವಸ್ತು ಯಾವುದರ ಜೊತೆ ಸೇರಿ ಏನಾಗುತ್ತದೆ ಎಂಬಲ್ಲಿಗೆ ನಿಲ್ಲದೆ, ಎಷ್ಟು ಬೇಗ, ಎಷ್ಟು ಶಾಖದಲ್ಲಿ, ಎಷ್ಟು ಒತ್ತಡದಲ್ಲಿ, ಯಾವ ಮೇಲ್ಮೈಯಲ್ಲಿ ಹಾಗಾಗುತ್ತದೆ ಎಂದು ಅಳೆಯುವುದು ಭೌತರಸಾಯನದ ಕಸುಬು. ಬಿ.ಎಸ್‌ಸಿ. ರಸಾಯನ ವಿಜ್ಞಾನ ಓದಿದವರಿಗೆಲ್ಲ ಲ್ಯಾಂಗ್‌ಮ್ಯೂರ್ ಹೆಸರು ಪರಿಚಿತ. ಪರೀಕ್ಷೆಗೆ ಬರೆಯುವ ಒಂದು ಸಮೀಕರಣದ ಹಿಂದೆ ಅದು ಅಂಟಿಕೊಂಡಿದೆ. ಆ ಸಮೀಕರಣ ಬಲ್ಬ್ ಕಾರ್ಖಾನೆಯಲ್ಲಿ ಹುಟ್ಟಿದ್ದು ಎಂದು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕಿತ್ತು. ಕಾಲೇಜಿನ ವಿಜ್ಞಾನ ಬೇರೆ, ಕಂಪನಿಯ ವಿಜ್ಞಾನ ಬೇರೆ, ಮೊದಲನೆಯದು ಮೇಲು, ಎರಡನೆಯದು ಸಂಬಳದ ಕೆಲಸ ಎಂಬ ಎಣಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಕಂಡವರಿಗೆ ಲ್ಯಾಂಗ್‌ಮ್ಯೂರ್ ಬದುಕು ಏಕೆ ಮುಖ್ಯ ಎಂದು ವಿವರಿಸಬೇಕಾಗಿಲ್ಲ.

ಅವರು ಹುಟ್ಟಿದ್ದು 1881ರ ಜನವರಿ 31ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ವಿಮಾ ಕಂಪನಿಯಲ್ಲಿದ್ದರು, ಅಣ್ಣ ಆರ್ಥರ್ ರಸಾಯನ ವಿಜ್ಞಾನಿ. ಬಾಲ್ಯದ ಕೆಲವು ವರ್ಷ ಪ್ಯಾರಿಸ್‌ನಲ್ಲಿ ಕಳೆಯಿತು. ಕಣ್ಣಿನ ದೋಷ ಯಾರ ಗಮನಕ್ಕೂ ಬಾರದೆ, ಹನ್ನೊಂದರ ವಯಸ್ಸಿನಲ್ಲಿ ಕನ್ನಡಕ ಬಂದ ಮೇಲೆಯೇ ಹುಡುಗ ಜಗತ್ತನ್ನು ಸ್ಪಷ್ಟವಾಗಿ ಕಂಡದ್ದು. 1903ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಲೋಹಶಾಸ್ತ್ರದ ಎಂಜಿನಿಯರಿಂಗ್ ಪದವಿ ಪಡೆದು, ಅಲ್ಲಿಂದ ಜರ್ಮನಿಯ ಗಟ್ಟಿಂಗೆನ್‌ಗೆ ಹೋದರು.

ಗಟ್ಟಿಂಗೆನ್‌ನಲ್ಲಿ ಸಿಕ್ಕ ಗುರು ವಾಲ್ಟರ್ ನರ್ನ್‌ಸ್ಟ್. ಉಷ್ಣಬಲ ವಿಜ್ಞಾನದ ಮೂರನೆಯ ನಿಯಮಕ್ಕೆ ದಾರಿ ತೆರೆದವರು. ಹೊಸ ಬಗೆಯ ವಿದ್ಯುದ್ದೀಪವೊಂದನ್ನು ಕಂಡುಹಿಡಿದು ಅದರ ಹಕ್ಕನ್ನು ಎಇಜಿ ಕಂಪನಿಗೆ ಹತ್ತು ಲಕ್ಷ ಮಾರ್ಕ್‌ಗೆ ಮಾರಿದವರೂ ಇದೇ ಪ್ರೊಫೆಸರ್. ಶಿಷ್ಯನಿಗೆ ಅವರು ಕೊಟ್ಟ ವಿಷಯವೂ ದೀಪದ ಸುತ್ತಲಿನದೇ: ಕಾದು ಕೆಂಪಾದ ತಂತುವಿನ ಬಳಿ ಅನಿಲದ ಅಣುಗಳು ಒಡೆದು, ತಣ್ಣಗಾಗುತ್ತ ಮತ್ತೆ ಕೂಡುವಾಗ ನಡೆಯುವುದೇನು? 1906ರಲ್ಲಿ ಡಾಕ್ಟರೇಟ್ ಬಂತು. ಬಿಸಿ ತಂತಿ ಮತ್ತು ಅದನ್ನು ಸುತ್ತುವರಿದ ಅನಿಲ ಎಂಬ ಈ ಜೋಡಿಯನ್ನು ಮುಂದೆ ಎಷ್ಟೋ ವರ್ಷ ಲ್ಯಾಂಗ್‌ಮ್ಯೂರ್ ಕೈಬಿಡಲಿಲ್ಲ.

ಅಮೆರಿಕಕ್ಕೆ ಮರಳಿ ಅವರು ಸೇರಿದ್ದು ನ್ಯೂಜೆರ್ಸಿಯ ಹೋಬೋಕೆನ್‌ನಲ್ಲಿರುವ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನ ಅಧ್ಯಾಪಕ ಹುದ್ದೆಗೆ. ಮೂರು ವರ್ಷ ಪಾಠ, ಪ್ರಯೋಗ ತರಗತಿ, ಉತ್ತರಪತ್ರಿಕೆಗಳಲ್ಲೇ ಕಳೆದುಹೋಯಿತು. ಸಂಶೋಧನೆಗೆ ಸಮಯವೂ ಇರಲಿಲ್ಲ, ಸಲಕರಣೆಯೂ ಇರಲಿಲ್ಲ. ಇದನ್ನು ಓದುವಾಗ ನಮ್ಮ ಎಷ್ಟೋ ಕಾಲೇಜುಗಳ ಯುವ ಅಧ್ಯಾಪಕರ ಮುಖಗಳು ಕಣ್ಣ ಮುಂದೆ ಬರುತ್ತವೆ. ಜ್ಞಾನಾನ್ವೇಷಣೆಯ ಸ್ವಾತಂತ್ರ್ಯ ವಿದ್ಯಾಸಂಸ್ಥೆಯಲ್ಲಿ ತಾನಾಗಿಯೇ ಸಿಗುತ್ತದೆ ಎಂಬ ನಂಬಿಕೆ ಆಗಲೂ ನಿಜವಾಗಿರಲಿಲ್ಲ.

1909ರ ಬೇಸಿಗೆ ರಜೆಯಲ್ಲಿ ಲ್ಯಾಂಗ್‌ಮ್ಯೂರ್ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಗೆ ಹೋದರು. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಂಪನಿ 1900ರಲ್ಲಿ ಒಂದು ಸಂಶೋಧನಾಲಯ ತೆರೆದಿತ್ತು. ಅದು ಮೊದಲು ನಡೆದದ್ದು ಗಣಿತಜ್ಞ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ನಿರ್ದೇಶಕರು ವಿಲ್ಲಿಸ್ ವಿಟ್ನಿ. ಎಂಐಟಿಯಲ್ಲಿ ಪಾಠ ಮಾಡುತ್ತಿದ್ದ ಭೌತರಸಾಯನ ವಿಜ್ಞಾನಿ. ಅವರು ಹೊಸಬನಿಗೆ ಕೆಲಸ ಹಚ್ಚಲಿಲ್ಲ. ಕೋಣೆ ಕೋಣೆ ಸುತ್ತಿ ಯಾರು ಏನು ಮಾಡುತ್ತಿದ್ದಾರೆ ನೋಡಿ, ಯಾವುದು ಹಿಡಿಸುತ್ತದೋ ಅದನ್ನು ಮಾಡಿ ಎಂದರು. ಪ್ರಯೋಗಾಲಯದ ಜನರನ್ನು ಕಂಡಾಗ ವಿಟ್ನಿ ಕೇಳುತ್ತಿದ್ದದ್ದು, ಕೆಲಸದಲ್ಲಿ ಖುಷಿ ಸಿಗುತ್ತಿದೆಯೇ ಎಂದು. ರಜೆ ಮುಗಿದಾಗ ಲ್ಯಾಂಗ್‌ಮ್ಯೂರ್ ಕಾಲೇಜಿಗೆ ಹಿಂತಿರುಗಲಿಲ್ಲ. 1950ರಲ್ಲಿ ನಿವೃತ್ತರಾಗುವವರೆಗೂ ಸ್ಕೆನೆಕ್ಟಡಿಯೇ ಅವರ ಊರಾಯಿತು.

ಅದೇ ಹೊತ್ತಿಗೆ ವಿಲಿಯಂ ಕೂಲಿಜ್ ಎಂಬ ಸಹೋದ್ಯೋಗಿ, ಹಿಡಿದರೆ ಮುರಿಯುತ್ತಿದ್ದ ಟಂಗ್‌ಸ್ಟನ್ ಲೋಹವನ್ನು ಕೂದಲೆಳೆಯಷ್ಟು ಸಣ್ಣ ತಂತಿಯಾಗಿ ಎಳೆಯುವ ವಿದ್ಯೆ ಸಾಧಿಸುತ್ತಿದ್ದರು. ಟಂಗ್‌ಸ್ಟನ್ ಕರಗಲು 3,400 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ದೀಪಕ್ಕೆ ಅದಕ್ಕಿಂತ ಒಳ್ಳೆಯ ಲೋಹವಿಲ್ಲ. ಆದರೆ ಪರ್ಯಾಯ ವಿದ್ಯುತ್ತಿನಲ್ಲಿ ಉರಿದಾಗ ಕೆಲವು ತಂತಿಗಳು ಬೇಗ ಹಾಳಾಗುತ್ತಿದ್ದವು. ಲೋಹದೊಳಗೆ ಅನಿಲ ಸೇರಿಕೊಂಡಿರಬಹುದು ಎಂದು ಲ್ಯಾಂಗ್‌ಮ್ಯೂರ್ ಊಹಿಸಿ, ತಂತಿಯನ್ನು ನಿರ್ವಾತದಲ್ಲಿ ಕಾಯಿಸಿ ಹೊರಬರುವ ಅನಿಲವನ್ನು ಅಳೆಯತೊಡಗಿದರು. ಅನಿಲ ಬಂತು. ಮರುದಿನವೂ ಬಂತು. ಕೆಲವು ದಿನಗಳಲ್ಲಿ ತಂತಿಯ ಗಾತ್ರದ 7,000 ಪಟ್ಟು ಅನಿಲ ಹೊರಬಿದ್ದರೂ ನಿಲ್ಲುವ ಸೂಚನೆಯಿಲ್ಲ. ಅಷ್ಟು ಅನಿಲ ಅಷ್ಟು ಸಣ್ಣ ತಂತಿಯೊಳಗೆ ಇದ್ದಿರಲು ಸಾಧ್ಯವೇ ಇಲ್ಲ. ಹಾಗಾದರೆ ಅದು ಬೇರೆಲ್ಲಿಂದಲೋ ಬರುತ್ತಿದೆ.

ಬರುತ್ತಿದ್ದದ್ದು ಗಾಜಿನಿಂದ. ಬಲ್ಬಿನ ಗಾಜಿನ ಮೇಲ್ಮೈ ನೀರಿನ ಅಣುಗಳನ್ನು ಹಿಡಿದುಕೊಂಡಿರುತ್ತದೆ, ಬಿಸಿಯಾದಂತೆ ಬಿಡುತ್ತದೆ. ಆ ಆವಿ ಕಾದ ಟಂಗ್‌ಸ್ಟನ್‌ಗೆ ತಗುಲಿ ಹೈಡ್ರೋಜನ್ ಹೊರಬರುತ್ತದೆ. ಬಲ್ಬು ಸುಧಾರಿಸಲು ಬಂದವರು ಈಗ ಗಾಜು, ನೀರು, ಲೋಹಗಳ ನಡುವಿನ ವ್ಯವಹಾರ ನೋಡುತ್ತ ಕುಳಿತರು. ತಿಂಗಳುಗಳು ಕಳೆದವು, ಕಂಪನಿಯ ಹಣ ಖರ್ಚಾಗುತ್ತಿತ್ತು, ಮಾರಾಟಕ್ಕೆ ಬರುವಂಥದ್ದು ಏನೂ ಹುಟ್ಟಿರಲಿಲ್ಲ. ಲ್ಯಾಂಗ್‌ಮ್ಯೂರ್ ತಾವೇ ವಿಟ್ನಿಯವರ ಬಳಿ ಹೋಗಿ ಇದನ್ನು ಹೇಳಿಕೊಂಡರು. ಮೂಲಭೂತ ಪ್ರಶ್ನೆಯನ್ನು ಹಿಡಿದು ಹೀಗೇ ಮುಂದುವರಿಯಿರಿ ಎಂಬ ಉತ್ತರ ಬಂತು. ನನ್ನ ಮಟ್ಟಿಗೆ ಈ ಕಥೆಯಲ್ಲಿ ನೊಬೆಲ್ ಪ್ರಶಸ್ತಿಗಿಂತ ದೊಡ್ಡ ಗಳಿಗೆ ಇದು. ಪ್ರಶ್ನೆ ಕಾರ್ಖಾನೆಯದು, ಅಳೆಯುವ ಶಿಸ್ತು ವಿಶ್ವವಿದ್ಯಾಲಯದ್ದು. ಆದರೆ ಪ್ರಶ್ನೆಯನ್ನು ಅರ್ಧದಲ್ಲಿ ಬಿಡದಿರಲು ಸಿಕ್ಕ ಅನುಮತಿ ಮಾತ್ರ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಕೊಟ್ಟದ್ದು.

ಆಗಿನ ಎಂಜಿನಿಯರುಗಳೆಲ್ಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು: ಬಲ್ಬು ಕಪ್ಪಾಗುವುದು ಒಳಗೆ ಉಳಿದ ಚೂರುಪಾರು ಅನಿಲದಿಂದ, ನಿರ್ವಾತವನ್ನು ಇನ್ನಷ್ಟು ಚೆನ್ನಾಗಿ ಮಾಡಿದರೆ ಕಪ್ಪು ನಿಲ್ಲುತ್ತದೆ. ಆದರೆ ಇನ್ನಷ್ಟು ಒಳ್ಳೆಯ ನಿರ್ವಾತ ಮಾಡುವುದು ಆಗಿನ ಪಂಪುಗಳಿಗೆ ಸುಲಭವಿರಲಿಲ್ಲ. ಲ್ಯಾಂಗ್‌ಮ್ಯೂರ್ ತಿರುಗಿ ಯೋಚಿಸಿದರು. ಕೇಡಿನ ಕಾರಣವನ್ನು ಪೂರ್ತಿ ತೆಗೆಯಲಾಗದಿದ್ದರೆ, ಬೇಕೆಂದೇ ಅದನ್ನು ಹೆಚ್ಚಿಸಿ ನೋಡಬೇಕು. ಕೇಡು ಹೆಚ್ಚದಿದ್ದರೆ ಅದು ಕಾರಣವಲ್ಲ. ಒಂದೊಂದೇ ಅನಿಲವನ್ನು ಬಲ್ಬಿನೊಳಕ್ಕೆ ಬಿಟ್ಟು ನೋಡಿದರು. ಹೈಡ್ರೋಜನ್, ನೈಟ್ರೋಜನ್, ಆಮ್ಲಜನಕ ಯಾವುದೂ ಗಾಜನ್ನು ಹಾಗೆ ಕಪ್ಪಾಗಿಸಲಿಲ್ಲ. ಕಪ್ಪಾಗಿಸಿದ್ದು ನೀರಿನ ಆವಿ ಒಂದೇ.

ಅದರ ಬಗೆ ಅದ್ಭುತವಾಗಿದೆ. ನೀರಿನ ಅಣು ಬಿಸಿ ತಂತಿಗೆ ತಾಕಿದಾಗ ಆಮ್ಲಜನಕ ಲೋಹದ ಜೊತೆ ಸೇರಿ ಟಂಗ್‌ಸ್ಟನ್ ಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ಪರಮಾಣುಗಳು ಬಿಡುಗಡೆಯಾಗುತ್ತವೆ. ಆಕ್ಸೈಡ್ ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ. ಹೈಡ್ರೋಜನ್ ಪರಮಾಣುಗಳು ಅಲ್ಲಿಗೂ ತಲುಪಿ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಮತ್ತೆ ನೀರಾಗುತ್ತವೆ. ಕಪ್ಪು ಟಂಗ್‌ಸ್ಟನ್ ಗಾಜಿನ ಮೇಲೆಯೇ ಉಳಿಯುತ್ತದೆ. ಹೊಸದಾಗಿ ಹುಟ್ಟಿದ ನೀರು ಮತ್ತೆ ತಂತಿಯತ್ತ ಹೋಗುತ್ತದೆ. ನೀರು ಖರ್ಚಾಗುವುದೇ ಇಲ್ಲ. ಲೆಕ್ಕಕ್ಕೆ ಸಿಗದಷ್ಟು ಅಲ್ಪ ತೇವ ತಂತಿಯಿಂದ ಲೋಹವನ್ನು ಹೊತ್ತು ಹೊತ್ತು ಗಾಜಿಗೆ ಸಾಗಿಸುತ್ತಲೇ ಇರುತ್ತದೆ.

ನೀರನ್ನೆಲ್ಲ ತೆಗೆದ ಬಲ್ಬು ಕೂಡ ನಿಧಾನವಾಗಿ ಕಪ್ಪಾಗುತ್ತಿತ್ತು. ಅದಕ್ಕೆ ಕಾರಣ ಸರಳ: 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಲೋಹವೇ ಆವಿಯಾಗುತ್ತಿದೆ. ಅಲ್ಲಿಗೆ, ನಿರ್ವಾತ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ ಎಂದಾಯಿತು. ಬೇಕಾದದ್ದು ತದ್ವಿರುದ್ಧ. ಒಳಗೆ ನೈಟ್ರೋಜನ್‌ನಂಥ ಅನಿಲ ತುಂಬಿದರೆ, ತಂತಿ ಬಿಟ್ಟು ಹೊರಟ ಟಂಗ್‌ಸ್ಟನ್ ಪರಮಾಣುಗಳು ಅನಿಲದ ಅಣುಗಳಿಗೆ ಬಡಿದು ಎಷ್ಟೋ ಪಾಲು ಹಿಂದಿರುಗುತ್ತವೆ. ಆದರೆ ಅದೇ ಅನಿಲ ತಂತಿಯ ಶಾಖವನ್ನೂ ಒಯ್ಯುತ್ತದೆ, ವಿದ್ಯುತ್ತು ದಂಡವಾಗುತ್ತದೆ. ಇಲ್ಲಿ ಗಟ್ಟಿಂಗೆನ್‌ನ ವಿದ್ಯೆ ಕೈಹಿಡಿಯಿತು. ಬಿಸಿ ತಂತಿಯನ್ನು ಅಲುಗಾಡದ ಅನಿಲದ ತೆಳು ಪೊರೆಯೊಂದು ಸುತ್ತಿಕೊಂಡಿರುತ್ತದೆ. ಆ ಪೊರೆಯ ದೆಸೆಯಿಂದ ದಪ್ಪ ತಂತಿ ಕಳೆದುಕೊಳ್ಳುವ ಶಾಖ ತೆಳು ತಂತಿಯದಕ್ಕಿಂತ ಬಹಳವೇನೂ ಹೆಚ್ಚಲ್ಲ, ಆದರೆ ಬೆಳಕು ಹೆಚ್ಚು. ಹಾಗಾದರೆ ತೆಳು ತಂತಿಯನ್ನೇ ಒತ್ತೊತ್ತಾಗಿ ಸುರುಳಿ ಸುತ್ತಿದರೆ ಅದು ದಪ್ಪ ತಂತಿಯಂತೆ ವರ್ತಿಸುತ್ತದೆ. ಚಳಿಯಲ್ಲಿ ಮೈ ಮುದುಡಿ ಮಲಗಿದವರಿಗೆ ಬೆಚ್ಚಗಿರುವುದೂ ಇದೇ ಲೆಕ್ಕದಿಂದ.

ಸುರುಳಿ ತಂತುವಿನ, ಅನಿಲ ತುಂಬಿದ ಬಲ್ಬಿಗೆ 1913ರ ಏಪ್ರಿಲ್‌ನಲ್ಲಿ ಪೇಟೆಂಟ್ ಅರ್ಜಿ ಹೋಯಿತು, 1916ರಲ್ಲಿ ಹಕ್ಕು ದೊರೆಯಿತು. ನಿರ್ವಾತದ ದೀಪಕ್ಕೆ ಒಂದು ಕ್ಯಾಂಡಲ್ ಬೆಳಕಿಗೆ ಹೆಚ್ಚುಕಡಿಮೆ ಒಂದು ವ್ಯಾಟ್ ಬೇಕಿತ್ತು. ದೊಡ್ಡ ಗಾತ್ರದ ಹೊಸ ದೀಪಗಳಿಗೆ ಅರ್ಧ ವ್ಯಾಟ್ ಸಾಕಾಯಿತು; ಪೇಟೆಯಲ್ಲಿ ಅವು ‘ಹಾಫ್ ವ್ಯಾಟ್’ ದೀಪಗಳೆಂದೇ ಹೆಸರಾದವು. ಮುಂದೆ ನೈಟ್ರೋಜನ್ ಜೊತೆಗೆ ಆರ್ಗಾನ್ ಬಂತು. ಶತಮಾನ ಕಳೆಯುವವರೆಗೂ ಜಗತ್ತಿನ ಮನೆಮನೆಗಳಲ್ಲಿ ಉರಿದ ಬಲ್ಬು ಇದೇ.

ಕಂಪನಿಗೆ ಲಾಭವಾಯಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ವಿಟ್ನಿ ಅಷ್ಟು ಉದಾರಿಯಾಗಿರಲು ಸಾಧ್ಯವಾದದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಅಮೆರಿಕದ ಬಲ್ಬ್ ಮಾರುಕಟ್ಟೆಯ ಮೇಲಿದ್ದ ಹಿಡಿತದಿಂದಲೂ ಹೌದು. ಆ ಹಿಡಿತದ ವಿರುದ್ಧ 1911ರಲ್ಲಿ ಸರ್ಕಾರವೇ ಏಕಸ್ವಾಮ್ಯ ವಿರೋಧಿ ಮೊಕದ್ದಮೆ ಹೂಡಿತ್ತು. ಸಂಶೋಧನಾಲಯದಿಂದ ಹೊರಟ ಪೇಟೆಂಟುಗಳು ಜ್ಞಾನದ ದಾಖಲೆಗಳಷ್ಟೇ ಆಗಿರಲಿಲ್ಲ, ಪೈಪೋಟಿಗೆ ಬಂದವರನ್ನು ದೂರ ಇಡುವ ಬೇಲಿಯೂ ಆಗಿದ್ದವು. ಒಂದು ಬೇಲಿ ಮುರಿಯಿತು ಕೂಡ: ರೇಡಿಯೊ ಕವಾಟಗಳಲ್ಲಿ ಉತ್ತಮ ನಿರ್ವಾತ ಬಳಸುವ ಕುರಿತು ಲ್ಯಾಂಗ್‌ಮ್ಯೂರ್ ಪಡೆದಿದ್ದ ಪೇಟೆಂಟನ್ನು 1931ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅನೂರ್ಜಿತಗೊಳಿಸಿತು. ಉದ್ಯಮದಲ್ಲಿರುವ ವಿಜ್ಞಾನಿಗೆ ವಕೀಲರ ಒಡನಾಟವೂ ಕಸುಬಿನ ಭಾಗವೇ.

ಬಲ್ಬು ಮುಗಿದರೂ ಲ್ಯಾಂಗ್‌ಮ್ಯೂರ್ ಪ್ರಶ್ನೆ ಮುಗಿಯಲಿಲ್ಲ. ಹೈಡ್ರೋಜನ್ ತುಂಬಿದ ಬಲ್ಬಿನಲ್ಲಿ ತಂತಿ ಬಹಳ ಬಿಸಿಯಾದಾಗ, ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಶಾಖ ಕಳೆದುಹೋಗುತ್ತಿತ್ತು. ಅಣು ಒಡೆದು ಪರಮಾಣುಗಳಾಗಲು ಶಾಖ ಹೀರಿಕೊಳ್ಳುತ್ತಿರಬೇಕು ಎಂದು ಅವರು ಗುರುತಿಸಿದರು. ಡಾಕ್ಟರೇಟ್ ವಿಷಯ ಹಾಗೆ ಮತ್ತೆ ಎದುರು ಬಂತು. ಒಡೆದ ಪರಮಾಣುಗಳು ಲೋಹದ ಮೇಲೆ ಮತ್ತೆ ಕೂಡಿದರೆ ಹೀರಿದ ಶಾಖವನ್ನೆಲ್ಲ ಅಲ್ಲೇ ಬಿಡಬೇಕಲ್ಲ? ಅದರಿಂದ 1920ರ ದಶಕದಲ್ಲಿ ಪರಮಾಣು ಹೈಡ್ರೋಜನ್ ವೆಲ್ಡಿಂಗ್ ಬಂತು.

ಇನ್ನೂ ದೊಡ್ಡದೊಂದು ಅದೇ ಬಲ್ಬಿನಲ್ಲಿ ಕಾದಿತ್ತು. ಗಾಜಿಗೆ, ಲೋಹಕ್ಕೆ ಅನಿಲ ಅಂಟಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಮೇಲ್ಮೈಯ ಮೇಲೆ ಅನಿಲ ವಾತಾವರಣದ ಹಾಗೆ ದಪ್ಪನೆ ಕವಿದು, ದೂರ ಹೋದಂತೆ ವಿರಳವಾಗುತ್ತದೆ ಎಂಬುದು ಆಗಿನ ತಿಳಿವಳಿಕೆ. ಅಳೆದು ನೋಡಿದಾಗ ಲ್ಯಾಂಗ್‌ಮ್ಯೂರ್‌ಗೆ ಕಂಡದ್ದು ಬೇರೆ. ಅಂಟಿಕೊಂಡ ಅನಿಲದ ದಪ್ಪ ಬಹುಪಾಲು ಒಂದೇ ಅಣುವಿನಷ್ಟು. ಮೇಲ್ಮೈಯಲ್ಲಿ ಎಣಿಸಬಹುದಾದಷ್ಟು ಜಾಗಗಳಿವೆ, ಒಂದೊಂದರಲ್ಲಿ ಒಂದೊಂದು ಅಣು ಕೂರುತ್ತದೆ. ಕೆಲವು ಕೂರುತ್ತವೆ, ಕೆಲವು ಎದ್ದು ಹೋಗುತ್ತವೆ. ಬರುವುದೂ ಹೋಗುವುದೂ ಸಮವಾದಾಗ ಎಷ್ಟು ಜಾಗ ತುಂಬಿರುತ್ತದೆ ಎಂದು ಲೆಕ್ಕ ಹಾಕಬಹುದು. 1916ರಿಂದ 1918ರ ನಡುವೆ ಪ್ರಕಟವಾದ ಈ ವಿಚಾರವೇ ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಲ್ಯಾಂಗ್‌ಮ್ಯೂರ್ ಸಮೀಕರಣ. ಒತ್ತಡ ಕಡಿಮೆಯಿದ್ದಾಗ ಏರುತ್ತ ಹೋಗಿ ಆಮೇಲೆ ಸಮತಟ್ಟಾಗುವ ಆ ಗೆರೆಗೆ ಅರ್ಥ ಇಷ್ಟೇ: ಜಾಗ ತುಂಬಿತು. ಕಾರಿನ ಹೊಗೆ ಶುದ್ಧ ಮಾಡುವ ಕ್ರಿಯಾವರ್ಧಕ, ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯ ಹುಟ್ಟಿಸುವ ಕಬ್ಬಿಣ, ನೀರಿನ ಫಿಲ್ಟರಿನ ಇದ್ದಿಲು ಇವೆಲ್ಲದರ ವಿವರಣೆ ಈ ಎಣಿಕೆಯಿಂದಲೇ ಮೊದಲಾಗುತ್ತದೆ.

ಘನವಸ್ತುವಿನ ಮೇಲಿನ ಪದರದಿಂದ ನೀರಿನ ಮೇಲಿನ ಎಣ್ಣೆಯ ಪದರಕ್ಕೆ ಅವರು ಹೊರಳಿದರು. ಈ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದವರೊಬ್ಬರಿದ್ದರು: ಜರ್ಮನಿಯ ಬ್ರೌನ್‌ಶ್ವೈಗ್‌ನ ಆಗ್ನೆಸ್ ಪೊಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದ ಕಾಲ. ಅವರು ತಂದೆತಾಯಿಯರ ಆರೈಕೆ ಮಾಡುತ್ತ, ಮನೆಯಲ್ಲೇ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಅದರ ಮೇಲಿನ ಜಿಡ್ಡಿನ ಪದರವನ್ನು ಪಟ್ಟಿಯಿಂದ ಸರಿಸಿ ಸರಿಸಿ ಮೇಲ್ಮೈಯ ಎಳೆತ ಅಳೆದರು. 1891ರಲ್ಲಿ ಅವರು ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ ಬರೆದ ಪತ್ರವನ್ನು ರೇಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟ ಮಾಡಿಸಿದರು. ಲ್ಯಾಂಗ್‌ಮ್ಯೂರ್ ತಮ್ಮ ತೊಟ್ಟಿಯನ್ನು ಇದೇ ತತ್ವದ ಮೇಲೆ ಕಟ್ಟಿ, 1917ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು. ಕೊಬ್ಬಿನಾಮ್ಲದ ಅಣು ಎಷ್ಟೇ ಉದ್ದವಿರಲಿ, ನೀರಿನ ಮೇಲೆ ಅದು ಆಕ್ರಮಿಸುವ ಜಾಗ ಹೆಚ್ಚುಕಡಿಮೆ ಒಂದೇ. ಅಂದರೆ ಅಣುಗಳು ಮಲಗಿಲ್ಲ, ನಿಂತಿವೆ. ನೀರನ್ನು ಮೆಚ್ಚುವ ತುದಿ ಕೆಳಗೆ, ಎಣ್ಣೆಯ ಬಾಲ ಮೇಲೆ. ಕಣ್ಣಿಗೆ ಕಾಣದ ಅಣುವಿನ ಅಗಲ ಉದ್ದಗಳನ್ನು ಒಂದು ತೊಟ್ಟಿ, ಒಂದು ತಕ್ಕಡಿಯಿಂದ ಅಳೆದಂತಾಯಿತು. ಸೋಪು ಜಿಡ್ಡು ತೆಗೆಯುವ ಬಗೆ, ಜೀವಕೋಶದ ಪೊರೆ ನಿಲ್ಲುವ ಬಗೆ ಎರಡಕ್ಕೂ ಬುನಾದಿ ಇಲ್ಲಿದೆ. ಲ್ಯಾಂಗ್‌ಮ್ಯೂರ್‌ಗೆ ನೊಬೆಲ್ ಬಂದ 1932ರಲ್ಲೇ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಪೊಕೆಲ್ಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ ಎಪ್ಪತ್ತು ವರ್ಷ. ವೃತ್ತಿಜೀವನದ ಬಗ್ಗೆ ಬರೆಯುವಾಗ, ಅಷ್ಟೇ ಪ್ರತಿಭೆಯಿದ್ದೂ ವೃತ್ತಿಯೇ ಸಿಗದವರನ್ನು ಮರೆಯುವುದು ನ್ಯಾಯವಲ್ಲ.

ಒಂದು ತಲೆಮಾರಿನ ನಂತರ ಸ್ಕೆನೆಕ್ಟಡಿಯವರೇ ಆದ ಕ್ಯಾಥರೀನ್ ಬ್ಲಾಡ್ಜೆಟ್‌ಗೆ ವೃತ್ತಿ ಸಿಕ್ಕಿತು. ಅವರ ತಂದೆ ಜನರಲ್ ಎಲೆಕ್ಟ್ರಿಕ್‌ನ ಪೇಟೆಂಟ್ ವಕೀಲರು. ಮಗಳು ಹುಟ್ಟುವ ಮೊದಲೇ ಕೊಲೆಯಾಗಿದ್ದರು. ಕಾಲೇಜು ಹುಡುಗಿಯಾಗಿ ಬಂದು ಸಂಶೋಧನಾಲಯ ನೋಡಿದ ಬ್ಲಾಡ್ಜೆಟ್‌ಗೆ ಇನ್ನಷ್ಟು ಓದಿಕೊಂಡು ಬಾ ಎಂದರು ಲ್ಯಾಂಗ್‌ಮ್ಯೂರ್. ಷಿಕಾಗೊದಲ್ಲಿ ವಿಷಾನಿಲದ ಮುಖವಾಡಗಳ ಇದ್ದಿಲಿನ ಮೇಲೆ ಕೆಲಸ ಮಾಡಿ 1918ರಲ್ಲಿ ಅವರು ಮರಳಿದರು, ಆ ಸಂಶೋಧನಾಲಯದ ಮೊದಲ ಮಹಿಳಾ ವಿಜ್ಞಾನಿಯಾದರು. ನಡುವೆ ಕೇಂಬ್ರಿಡ್ಜ್‌ಗೆ ಹೋಗಿ 1926ರಲ್ಲಿ, ಅಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯೂ ಆದರು. ನೀರಿನ ಮೇಲಿನ ಒಂದಣುವಿನ ಪದರವನ್ನು ಗಾಜಿನ ಮೇಲೆ ಎತ್ತಿಕೊಂಡು, ಅದರ ಮೇಲೆ ಇನ್ನೊಂದು, ಮತ್ತೊಂದು ಎಂದು ಪೇರಿಸುವ ವಿದ್ಯೆ ಅವರದು. ಗಾಜನ್ನು ಅದ್ದಿ ತೆಗೆದಷ್ಟೂ ಸಲ ಒಂದೊಂದು ಪದರ. ಹೀಗೆ ಬೇರಿಯಂ ಸ್ಟಿಯರೇಟ್‌ನ 44 ಪದರ ಕೂಡಿಸಿದರೆ ದಪ್ಪ ಬೆಳಕಿನ ತರಂಗಾಂತರದ ಕಾಲುಭಾಗವಾಗುತ್ತದೆ. ಮೇಲಿನಿಂದ, ಕೆಳಗಿನಿಂದ ಪ್ರತಿಫಲಿಸಿದ ಬೆಳಕು ಒಂದನ್ನೊಂದು ಅಳಿಸಿಹಾಕುತ್ತದೆ. ಗಾಜು ಇದ್ದೂ ಕಾಣದಂತಾಗುತ್ತದೆ. 1938ರ ಕೊನೆಗೆ ಪತ್ರಿಕೆಗಳಲ್ಲಿ ಈ ಸುದ್ದಿ ದೊಡ್ಡದಾಗಿ ಬಂತು. ಆ ಪದರ ಒರೆಸಿದರೆ ಹೋಗುತ್ತಿತ್ತು, ಗಟ್ಟಿ ಲೇಪನಗಳನ್ನು ಬೇರೆಯವರು ತಂದರು. ಆದರೂ ಪದರವನ್ನು ಎಣಿಸಿ ಕಟ್ಟುವ ಲ್ಯಾಂಗ್‌ಮ್ಯೂರ್–ಬ್ಲಾಡ್ಜೆಟ್ ವಿಧಾನ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಉಳಿದದ್ದನ್ನು ಬೇಗ ಹೇಳಬಹುದು. ಪಾದರಸದ ಆವಿಯಿಂದ ನಡೆಯುವ ನಿರ್ವಾತ ಪಂಪು, ಅನಿಲ ವಿಸರ್ಜನೆಯ ಅಧ್ಯಯನ, 1928ರಲ್ಲಿ ಅಯಾನುಗೊಂಡ ಅನಿಲದ ಸ್ಥಿತಿಗೆ ‘ಪ್ಲಾಸ್ಮಾ’ ಎಂಬ ಹೆಸರು, ಗಿಲ್ಬರ್ಟ್ ಲೂಯಿಸ್ ಅವರ ರಾಸಾಯನಿಕ ಬಂಧದ ವಿಚಾರವನ್ನು ವಿಸ್ತರಿಸಿ 1919ರಲ್ಲಿ ಚಲಾವಣೆಗೆ ತಂದ ‘ಕೋವೇಲೆಂಟ್’ ಎಂಬ ಮಾತು. ಇದರಲ್ಲಿ ಲೂಯಿಸ್‌ಗೆ ಸಲ್ಲಬೇಕಾದ ಶ್ರೇಯ ಲ್ಯಾಂಗ್‌ಮ್ಯೂರ್ ಪಾಲಾಯಿತೆಂಬ ಕಹಿ ಉಳಿಯಿತು. ಲೂಯಿಸ್‌ಗೆ ನೊಬೆಲ್ ಬರಲೇ ಇಲ್ಲ. ಮೇಲ್ಮೈ ರಸಾಯನಕ್ಕಾಗಿ 1932ರ ನೊಬೆಲ್ ಪಡೆದ ಲ್ಯಾಂಗ್‌ಮ್ಯೂರ್, ಉದ್ಯಮದಲ್ಲಿದ್ದು ಆ ಪ್ರಶಸ್ತಿ ಗಳಿಸಿದ ಮೊದಲ ಅಮೆರಿಕನ್ ರಸಾಯನ ವಿಜ್ಞಾನಿ.

ವಿಟ್ನಿ ಕೊಟ್ಟಂಥ ಅನುಮತಿ ಎಲ್ಲರಿಗೂ, ಎಲ್ಲ ಕಾಲದಲ್ಲೂ ಸಿಕ್ಕಿಲ್ಲ. ರಸಾಯನ ವಿಜ್ಞಾನಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಆಕ್ಸ್‌ಫರ್ಡ್‌ನಲ್ಲಿ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿ, 1972ರಲ್ಲಿ ಎಕ್ಸಾನ್ ತೈಲ ಕಂಪನಿ ಸೇರಿದರು. ಪೆಟ್ರೋಲ್ ಬಿಕ್ಕಟ್ಟಿನ ದಿನಗಳು. ತೈಲದ ಕಂಪನಿಯೇ ಬ್ಯಾಟರಿಗೆ ಹಣ ಹಾಕಲು ಮುಂದಾಗಿತ್ತು. ಟೈಟಾನಿಯಂ ಡೈಸಲ್ಫೈಡ್‌ನ ಪದರಗಳ ನಡುವೆ ಲಿಥಿಯಂ ಅಯಾನುಗಳು ನುಸುಳಿ ಬಂದು ಹೋಗುವಂತೆ ಮಾಡಿ, ಮರುಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯ ದಾರಿಯನ್ನು ಅವರು ತೆರೆದರು. ಕಾಲ ಬದಲಾಯಿತು, ಕಂಪನಿ ಆ ಕೆಲಸದಿಂದ ಹಿಂದೆ ಸರಿಯಿತು. ವಿಟಿಂಗ್‌ಹ್ಯಾಮ್ ಇನ್ನೊಂದು ಕಂಪನಿಯ ಮೂಲಕ ಹಾದು 1988ರಲ್ಲಿ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯ ಸೇರಿದರು, ಅಲ್ಲಿ ಅದೇ ಪ್ರಶ್ನೆ ಮುಂದುವರಿಸಿದರು. 2019ರಲ್ಲಿ ನೊಬೆಲ್ ಬಂತು. ಲ್ಯಾಂಗ್‌ಮ್ಯೂರ್‌ಗೆ ಕಾಲೇಜು ಕೊಡದ ಬಿಡುವನ್ನು ಕಂಪನಿ ಕೊಟ್ಟಿತ್ತು. ವಿಟಿಂಗ್‌ಹ್ಯಾಮ್ ವಿಷಯದಲ್ಲಿ ಕಂಪನಿ ಬಿಟ್ಟದ್ದನ್ನು ವಿಶ್ವವಿದ್ಯಾಲಯ ಎತ್ತಿಕೊಂಡಿತು.

ನಮ್ಮ ದೇಶದೊಡನೆ ನಂಟಿದ್ದು ಈ ಎರಡು ದಡಗಳ ನಡುವೆ ಓಡಾಡಿದವರಲ್ಲಿ ಮೊದಲು ನೆನಪಾಗುವವರು ಇಬ್ಬರು. ಲ್ಯಾಂಗ್‌ಮ್ಯೂರ್ ಸ್ಕೆನೆಕ್ಟಡಿಗೆ ಹೋದ 1909ರಲ್ಲೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರ‍್ಯಾಮ್ಸೆ ಅವರೊಡನೆ ಕ್ರಿಪ್ಟಾನ್, ನಿಯಾನ್, ಝೆನಾನ್ ಅನಿಲಗಳನ್ನು ಕಂಡುಹಿಡಿದವರು. 1914ರಲ್ಲಿ ಇಂಗ್ಲೆಂಡಿಗೆ ಮರಳಿ, ಯುದ್ಧಕಾಲದಲ್ಲಿ ಜರ್ಮನಿಯಿಂದ ಪ್ರಯೋಗಾಲಯದ ಗಾಜು ಬರುವುದು ನಿಂತಾಗ, ಅವರು ಗಾಜು ತಯಾರಿಕೆಯ ಹೊಣೆ ಹೊತ್ತರು. ಆಮೇಲೆ ಕುಲುಮೆ, ಇಂಧನಗಳ ಉದ್ಯಮದಲ್ಲಿದ್ದು 1927ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯಕ್ಕೆ ಹಿಂತಿರುಗಿದರು.

ಇನ್ನೊಬ್ಬರು ಶಾಂತಿ ಸ್ವರೂಪ್ ಭಟ್ನಾಗರ್. ಲಂಡನ್ನಿನಲ್ಲಿ ಡಾನನ್ ಅವರ ಶಿಷ್ಯರಾಗಿ 1921ರಲ್ಲಿ ಡಾಕ್ಟರೇಟ್ ಪಡೆದು, ಬನಾರಸ್‌ನಲ್ಲಿ, 1924ರಿಂದ ಲಾಹೋರಿನಲ್ಲಿ ಪ್ರೊಫೆಸರ್ ಆಗಿದ್ದರು. ರಾವಲ್ಪಿಂಡಿ ಬಳಿ ತೈಲ ಬಾವಿ ಕೊರೆಯುತ್ತಿದ್ದ ಅಟಕ್ ಆಯಿಲ್ ಕಂಪನಿ ತನ್ನ ಕಷ್ಟವನ್ನು ಅವರ ಮುಂದಿಟ್ಟಿತು. ಕೊರೆಯುವಾಗ ಬಳಸುವ ಕೆಸರು ನೆಲದಡಿಯ ಉಪ್ಪಿಗೆ ತಗುಲಿದೊಡನೆ ಗಟ್ಟಿಯಾಗಿ ಕೊರೆಯುವ ಕೆಲಸವೇ ನಿಲ್ಲುತ್ತಿತ್ತು. ಕೆಸರೆಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೇಡಿಕಣಗಳು. ಉಪ್ಪು ಬಿದ್ದರೆ ಅವುಗಳ ವಿದ್ಯುದಾವೇಶ ತಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಭಟ್ನಾಗರ್ ಅವರು ಭಾರತದಲ್ಲಿ ಸಿಗುವ ಅಂಟನ್ನು ಸೇರಿಸಿ ಕಣಗಳು ಅಂಟದಂತೆ ಕಾದರು. ಸಂತೋಷಪಟ್ಟ ಕಂಪನಿಯವರು ಸಂಶೋಧನೆಗೆಂದು ಒಂದೂವರೆ ಲಕ್ಷ ರೂಪಾಯಿ ಕೊಟ್ಟಾಗ ಅದನ್ನು ಅವರು ತಮ್ಮ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. 1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹುಟ್ಟಿದಾಗ ಅದರ ಚುಕ್ಕಾಣಿ ಹಿಡಿದವರು ಅವರೇ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವುದು, ಅವರು ಕಟ್ಟಿದ ಪ್ರಯೋಗಾಲಯಗಳ ಸರಪಣಿಯ ಒಂದು ಕೊಂಡಿ.

ಲ್ಯಾಂಗ್‌ಮ್ಯೂರ್ ಬದುಕಿನ ಕೊನೆಯ ಭಾಗಕ್ಕೆ ಕರ್ನಾಟಕದ ಆಕಾಶದೊಂದಿಗೂ ಸಂಬಂಧವಿದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೊಗೆಪರದೆ ತಯಾರಿಸುತ್ತ, ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟುವುದನ್ನು ಅಭ್ಯಸಿಸುತ್ತ ಅವರು ಮೋಡಗಳ ಕಡೆ ತಿರುಗಿದರು. ಸಹಾಯಕ ವಿನ್ಸೆಂಟ್ ಶೇಫರ್ 1946ರ ನವೆಂಬರ್ 13ರಂದು ವಿಮಾನದಿಂದ ಮೋಡದ ಮೇಲೆ ಒಣ ಮಂಜುಗಡ್ಡೆ ಸುರಿದರು, ಮೋಡದಿಂದ ಹಿಮ ಉದುರಿತು. ಶೂನ್ಯಕ್ಕಿಂತ ತಣ್ಣಗಿದ್ದರೂ ಹೆಪ್ಪುಗಟ್ಟದೆ ಉಳಿದ ಹನಿಗಳಿಗೆ ಒಂದು ನೆಪ ಸಿಕ್ಕರೆ ಸಾಕು, ಹರಳಾಗಿ ಬೆಳೆಯುತ್ತವೆ. ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನೆಗಟ್ ಅದೇ ತಿಂಗಳು ಬೆಳ್ಳಿಯ ಅಯೊಡೈಡ್ ಹರಳುಗಳು ಈ ಕೆಲಸಕ್ಕೆ ತಕ್ಕವು ಎಂದು ತೋರಿಸಿದರು. ಅಲ್ಲಿಯವರೆಗಿನ ವಿಜ್ಞಾನ ಗಟ್ಟಿಯಾಗಿತ್ತು. ಮುಂದಿನದು ಹಾಗಿರಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಹೀಗೆ ಮೋಡ ಬಿತ್ತನೆ ಮಾಡಿದ ಚಂಡಮಾರುತವೊಂದು ದಿಕ್ಕು ಬದಲಿಸಿ ಜಾರ್ಜಿಯಾ ತೀರಕ್ಕೆ ಅಪ್ಪಳಿಸಿದಾಗ ಅದು ತಮ್ಮ ಕೆಲಸದ ಫಲವೆಂದು ಲ್ಯಾಂಗ್‌ಮ್ಯೂರ್ ನಂಬಿದರು. ನ್ಯೂ ಮೆಕ್ಸಿಕೊದಲ್ಲಿ ವಾರಕ್ಕೊಮ್ಮೆ ಮಾಡಿದ ಬಿತ್ತನೆಯಿಂದ ದೂರದ ರಾಜ್ಯಗಳಲ್ಲೂ ಏಳು ದಿನಕ್ಕೊಮ್ಮೆ ಮಳೆ ಏರಿಳಿಯುತ್ತಿದೆ ಎಂದರು. ಹವಾಮಾನ ಇಲಾಖೆಯವರು ಒಪ್ಪಲಿಲ್ಲ. ಬಿತ್ತನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ತಿಳಿಯದೆ, ಬಿತ್ತನೆಯಿಂದ ಏನಾಯಿತು ಎಂದು ಹೇಳುವುದು ಹೇಗೆ ಎಂಬುದು ಅವರ ಆಕ್ಷೇಪ.

1953ರ ಡಿಸೆಂಬರ್‌ನಲ್ಲಿ ಲ್ಯಾಂಗ್‌ಮ್ಯೂರ್ ಮಾಡಿದ ಒಂದು ಉಪನ್ಯಾಸ ಹೆಸರಾಂತದ್ದು. ಪ್ರಾಮಾಣಿಕ ವಿಜ್ಞಾನಿಗಳು ಕೂಡ ಅಳತೆಯ ಅಂಚಿನಲ್ಲಿರುವ ಸೂಕ್ಷ್ಮ ಪರಿಣಾಮಗಳನ್ನು ಕಂಡೆವೆಂದು ಹೇಗೆ ತಮ್ಮನ್ನು ತಾವೇ ನಂಬಿಸಿಕೊಳ್ಳುತ್ತಾರೆ ಎಂಬುದನ್ನು ಅವರು ಉದಾಹರಣೆಗಳೊಂದಿಗೆ ಬಿಡಿಸಿಟ್ಟರು. ಮೋಡಗಳ ವಿಷಯದಲ್ಲಿ ಅದೇ ಎಚ್ಚರ ಅವರಿಗೆ ಒದಗಲಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ. ಬಲ್ಬಿನಲ್ಲಿ ಒಂದು ಕಾರಣವನ್ನು ಮಾತ್ರ ಹೆಚ್ಚಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡಲು ಸಾಧ್ಯವಿತ್ತು. ಆಕಾಶವನ್ನು ಹಾಗೆ ಮುಚ್ಚಿ ಇಡಲಾಗುವುದಿಲ್ಲ. 1957ರ ಆಗಸ್ಟ್ 16ರಂದು ಅವರು ತೀರಿಕೊಂಡಾಗಲೂ ಪ್ರಶ್ನೆ ತೆರೆದೇ ಇತ್ತು.

ಬರಗಾಲದ ಒತ್ತಡದಲ್ಲಿ ಕರ್ನಾಟಕ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಹೆಸರಿನಲ್ಲಿ ಮೋಡ ಬಿತ್ತನೆ ನಡೆಸಿತು. ಮಳೆ ಬಂದಾಗ ಅದು ಬಿತ್ತನೆಯದೋ ಮುಂಗಾರಿನದೋ ಎಂಬ ಜಗಳ ಎರಡು ಸಲವೂ ಎದ್ದಿತು. ಅದನ್ನು ಬಗೆಹರಿಸಲು ಬೇಕಾದ ಬಗೆಯ ಪ್ರಯೋಗ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ನಡೆಯಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮುಂಗಾರಿನಲ್ಲಿ ಯೋಗ್ಯವಾದ ಮೋಡಗಳನ್ನು ಗುರುತಿಸಿ, ಯಾವುದಕ್ಕೆ ಬಿತ್ತಬೇಕು ಯಾವುದನ್ನು ಬಿಡಬೇಕು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ, ಬಿತ್ತಿದ ಮೋಡಗಳ ಮಳೆಯನ್ನೂ ಬಿತ್ತದೆ ಬಿಟ್ಟವುಗಳ ಮಳೆಯನ್ನೂ ರೇಡಾರ್ ಮತ್ತು ಮಳೆಮಾಪಕಗಳಿಂದ ಅಳೆದು ಹೋಲಿಸಿದರು. ತಕ್ಕ ಮೋಡಗಳಿದ್ದರೆ ಮಳೆ ಒಂದಷ್ಟು ಹೆಚ್ಚುತ್ತದೆ ಎಂಬುದು ಅವರು ಕಂಡುಕೊಂಡ ಫಲಿತಾಂಶ. ಮೋಡವೇ ಇಲ್ಲದ ಕಡೆ ಬಿತ್ತನೆಯಿಂದ ಮಳೆ ಹುಟ್ಟುವುದಿಲ್ಲ. ವಿಜಯಪುರ, ಕಲಬುರಗಿಯ ಒಣಭೂಮಿಯ ರೈತರಿಗೆ ಮುಂದಿನ ಸಲ ವಿಮಾನ ಕಳಿಸುವ ಮೊದಲು ಸರ್ಕಾರ ತರಿಸಿ ನೋಡಬೇಕಾದದ್ದು ಆ ಎರಡು ಮುಂಗಾರುಗಳ ಅಳತೆಪಟ್ಟಿ.